ಚುನಾವಣೆಗೆ ನಿಂತವಳು ರಸ್ತೆಯಲ್ಲಿ ನಿಲ್ಲಲಿಲ್ಲ

ಡೈರಿ ಚುನಾವಣೆಗೆ ನಾನು ನಾಮಪತ್ರ ಹಾಕಿದ ಮಾರನೆಯ ದಿನವೇ ನನ್ನ ಮಗಳು ಕೀರ್ತನ ಮನೆಯ ಮೊಪೆಡ್ಡಿನ ಎಂಜಿನ್ ಬಿಚ್ಚಿ ಹಜಾರದ ತುಂಬ ಹರಡಿಕೊಂಡಳು. ರಾಗಿ ಚೀಲದ ಮೇಲೆ ಪಿಸ್ಟನ್ನು, ನನ್ನ ಇಡ್ಲಿ ತಟ್ಟೆಯ ಗುಳಿಗಳಲ್ಲಿ ನಟ್ಟು ಬೋಲ್ಟು. ಬೈಯೋಣ ಎಂದು ಬಾಯಿ ತೆರೆದೆ. ಒಂದೊಂದು ಗುಳಿಗೆ ಒಂದೊಂದು ಅಳತೆಯದನ್ನು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಳೆಂದರೆ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಆ ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗೂ ಉಪ್ಪಿಟ್ಟು.

ಕೀರ್ತನ ಹೊಸಕೋಟೆಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕೊನೆಯ ವರ್ಷ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಒಂದು ಸ್ಪರ್ಧೆ. ಹಳೆಯ ಚಿಕ್ಕ ಎಂಜಿನ್ನಿನಿಂದ ಯಾರು ಹೆಚ್ಚು ಪವರ್ ತೆಗೆಯುತ್ತಾರೋ ಅವರಿಗೆ ಬಹುಮಾನ. ಹುಡುಗರ ಹತ್ತಿರ ಅಪ್ಪಂದಿರ ಹಳೇ ಬೈಕುಗಳಿದ್ದವು. ನಮ್ಮ ಹತ್ತಿರ ಇದ್ದದ್ದು ಇದೊಂದೇ. ಅವಳು ಅಂಬೆಗಾಲಿಡುವಾಗ ತಂದ ಟೂ ಸ್ಟ್ರೋಕ್ ಮೊಪೆಡ್ಡು. ಗೇರಿಲ್ಲ, ಕ್ಲಚ್ಚಿಲ್ಲ. ಹಿಡಿ ತಿರುಗಿಸಿದರೆ ಹೊರಡುತ್ತದೆ, ಬಿಟ್ಟು ಬ್ರೇಕ್ ಹಿಡಿದರೆ ನಿಲ್ಲುತ್ತದೆ. ಮುಂದೆ ಎರಡು ಹಾಲಿನ ಕ್ಯಾನು, ಹಿಂದೆ ಹಸಿಹುಲ್ಲಿನ ಹೊರೆ, ಹೊರೆಯ ಮೇಲೆ ಒಮ್ಮೊಮ್ಮೆ ನನ್ನ ಗಂಡ. ಎಷ್ಟು ಹೇರಿದರೂ ಗೊಣಗುತ್ತಲೇ ಎಳೆದುಕೊಂಡು ಹೋಗುವ ಸ್ವಭಾವ ಅದರದು.

ಇನ್ನು ಚುನಾವಣೆಯ ವಿಷಯ. ನಮ್ಮೂರಿನದು ಹೆಂಗಸರ ಡೈರಿ. ಹಾಲು ಹಾಕುವವರೂ ಹೆಂಗಸರೇ, ಡೈರೆಕ್ಟರುಗಳೂ ಹೆಂಗಸರೇ. ಸಂಜೆ ಆರಕ್ಕೆ ಸರಿಯಾಗಿ ಬಾಗಿಲು ಹಾಕಿಬಿಡುತ್ತಾರೆ. ತರಕಾರಿ ಕೀಳುವ ಕೂಲಿಗೆಂದು ನಂದಗುಡಿ ಕಡೆಗೆ ಹೋದವರು ಬಂದು, ಕೈಕಾಲು ತೊಳೆದು, ಹಸು ಕರೆದು, ಕ್ಯಾನು ಹಿಡಿದು ಓಡಿ ಬರುವ ಹೊತ್ತಿಗೆ ಬೀಗ ನೇತಾಡುತ್ತಿರುತ್ತದೆ. ಆ ಬಾಗಿಲನ್ನು ಅರ್ಧ ಗಂಟೆ ತಡವಾಗಿ ಮುಚ್ಚಿಸಬೇಕು ಅನ್ನುವುದೊಂದೇ ನನ್ನ ಆಸೆ. ನಮ್ಮ ಬೀದಿಗಳಿಗೆ ಇರುವುದು ಒಂದು ಸ್ಥಾನ. ಅದರಲ್ಲಿ ಕೂತಿದ್ದವಳು ಶಶಿರೇಖಾ. ಒಳ್ಳೆಯವಳೇ. ಅವಳ ಮನೆಗೂ ಡೈರಿಗೂ ಒಂದೇ ಗೋಡೆ. ಹಾಗಾಗಿ ಆರು ಗಂಟೆ ಅನ್ನುವುದು ಕಷ್ಟ ಎಂದು ಅವಳಿಗೆ ಹೊಳೆದೇ ಇಲ್ಲ, ಅಷ್ಟೇ. ನಾನು ಕೇಳಿ ಕೇಳಿ ಸಾಕಾಗಿ, ಕೊನೆಗೆ ನಾನೇ ನಿಂತೆ.

ಎರಡು ದಿನ ಕ್ಯಾನು ಹೊತ್ತು ನಡೆದ ಮೇಲೆ ಮೂರನೆಯ ಬೆಳಿಗ್ಗೆ ಕೀರ್ತನ ಮೊಪೆಡ್ಡನ್ನು ಜೋಡಿಸಿ ಅಂಗಳಕ್ಕೆ ತಂದಳು. ಸೈಲೆನ್ಸರ್ ಬೇರೆಯದು. ನಡುವೆ ಉಬ್ಬಿಕೊಂಡು, ಇಲಿ ನುಂಗಿದ ಹಾವಿನ ಹಾಗಿತ್ತು. ಮಗಳ ಮೂಗಿನ ಮೇಲೆ ಮಸಿ. ಕಣ್ಣು ಮಾತ್ರ ಹಬ್ಬದ ದಿನದ್ದು.

"ಅಮ್ಮ, ಪವರ್ ಹೆಚ್ಚೂ ಕಮ್ಮಿ ಡಬಲ್ ಆಗಿದೆ. ನೀನೇ ಫಸ್ಟ್ ಓಡಿಸು."

ಕ್ಯಾನು ನೇತುಹಾಕಿ ಕೂತೆ. ಹಿಡಿ ತಿರುಗಿಸಿದೆ. ಗಾಡಿ 'ಬೋ' ಅಂದಿತು, ಕೆಮ್ಮಿತು, ಆರಿಹೋಯಿತು. ಇನ್ನೊಮ್ಮೆ. ಮತ್ತೆ ಬೋ, ಮತ್ತೆ ಕೆಮ್ಮು. ಕೀರ್ತನ ಹಿಂದಿನಿಂದ ತಳ್ಳಿದಳು. ಹತ್ತಿಪ್ಪತ್ತು ಹೆಜ್ಜೆ ಕುಂಟಿಕೊಂಡು ಹೋಯಿತು, ಆಮೇಲೆ ಒಳಗೆ ಯಾರೋ ನಿದ್ದೆಯಿಂದ ಎದ್ದ ಹಾಗೆ 'ಕೀಂ' ಎಂದು ಕಿರುಚಿ ಹಾರಿತು. ನನ್ನ ಸೆರಗು, ಕ್ಯಾನಿನ ಮುಚ್ಚಳ, ಪಕ್ಕದ ಮನೆಯ ಕೋಳಿ ಎಲ್ಲ ಒಂದೊಂದು ದಿಕ್ಕಿಗೆ. ಡೈರಿ ಬಂದದ್ದೇ ಗೊತ್ತಾಗಲಿಲ್ಲ. ದಾಟಿ ಹೋಗಿ ತಿರುಗಿ ಬಂದೆ.

ಮನೆಗೆ ಬಂದು ಕೇಳಿದೆ. "ಏನೇ ಇದು? ಮೊದ್ಲು ಹೊರಡಲ್ಲ ಅನ್ನುತ್ತೆ, ಹೊರಟ್ಮೇಲೆ ಹಿಡಿತಕ್ಕೆ ಸಿಗಲ್ಲ."

"ಅಮ್ಮ, ಮೊದ್ಲು ಪವರ್ ಕೆಳಗಿಂದ ಮೇಲಿನವರೆಗೂ ಸಮನಾಗಿ ಹರಡ್ಕೊಂಡಿತ್ತು. ಈಗ ಎಲ್ಲಾ ಬಳ್ಕೊಂಡು ಹೋಗಿ ಮೇಲ್ಗಡೆ ಕೂರಿಸಿದೀನಿ. ಜೋರಾಗಿ ತಿರುಗೋವಾಗ ರಾಕ್ಷಸ ಅದು. ಕೆಳಗಡೆ ಸ್ವಲ್ಪ ಕಮ್ಮಿ."

"ಕೆಳಗಡೆ ಅಂದ್ರೆ?"

"ಅಂದ್ರೆ... ನಿಂತಲ್ಲಿಂದ ಹೊರಡೋವಾಗ."

"ನಾನು ದಿನಾ ನಿಂತಲ್ಲಿಂದಲೇ ಅಲ್ವೇನೇ ಹೊರಡೋದು?"

ಕೀರ್ತನ ಮೂಗಿನ ಮಸಿ ಒರೆಸಿಕೊಂಡಳು. "ಕಾಂಪಿಟೀಶನ್‌ನಲ್ಲಿ ಮೇಲಿನ ತುದಿ ಒಂದನ್ನೇ ಅಳೆಯೋದು ಅಮ್ಮ" ಅಂದಳು.

ನನಗೆ ಅರ್ಥವಾಯಿತು. ಮದುವೆ ಮನೆಯ ಅಡುಗೆಯವರ ಒಲೆ ಇರುತ್ತದಲ್ಲ, ಹಾಗೆ. ಉರಿ ಭೋರ್ ಅನ್ನುತ್ತದೆ, ಆದರೆ ಒಂದು ಲೋಟ ಹಾಲು ಬೆಚ್ಚಗೆ ಮಾಡು ಎಂದರೆ ಆಗದು. ಸ್ಪರ್ಧೆ ಇದ್ದದ್ದು ಸೋಮವಾರ. ಚುನಾವಣೆ ಅದರ ಹಿಂದಿನ ಭಾನುವಾರ. ಪಿಸ್ಟನ್ನಿಗೆ ಹೊಸ ರಿಂಗು ಹಾಕಿದೀನಿ, ದಿನಾ ಓಡಿಸಿದ್ರೆ ಎಂಜಿನ್ ಹದಕ್ಕೆ ಬರುತ್ತೆ, ನೀನು ಓಡಿಸ್ತಾ ಇರಮ್ಮ, ಅಂದಳು. ಹಳೇ ಸೈಲೆನ್ಸರ್ ಹಾಕಿಕೊಡು ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವಳ ತರಗತಿಯಲ್ಲಿ ಹುಡುಗಿ ಅಂತ ಇರುವುದು ಇವಳೊಬ್ಬಳೇ. ಹುಡುಗರು ಅವಳನ್ನು 'ಹಾಲಿನ ಗಾಡಿ' ಎಂದು ಕರೆಯುತ್ತಾರಂತೆ. ಅದನ್ನು ಅವಳು ನಗುತ್ತಲೇ ಹೇಳಿದ್ದಳು. ನಾನು ಆ ನಗುವನ್ನು ನೋಡಿದ್ದೆ. ಮಾತನ್ನು ನುಂಗಿಕೊಂಡೆ. ಒಂದು ವಾರ ತಾನೆ, ಹೇಗೋ ಸಂಭಾಳಿಸೋಣ.

ಸಂಭಾಳಿಸುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆ ಸಂಜೆಯೇ.

ನಮ್ಮೂರಲ್ಲಿ ಎದುರಿಗೆ ಸಿಕ್ಕವರು ಕೈ ಎತ್ತಿದರೆ ಗಾಡಿ ನಿಲ್ಲಿಸಬೇಕು. ಒಂದು ಕಾಲು ನೆಲಕ್ಕೆ ಊರಬೇಕು. ಹಾಲಿನ ಕ್ಯಾನು ಕಣ್ಣೆದುರಿಗೇ ಇದ್ದರೂ ಅವರು "ಏನು, ಡೈರಿಗಾ?" ಅನ್ನುತ್ತಾರೆ. "ಹೂಂ, ಡೈರಿಗೇ" ಅನ್ನಬೇಕು. "ಹಸು ಹೆಂಗಿದೆ?" "ಇದೆ." "ಬರ್ಲಾ?" "ಹೂಂ." ಇಷ್ಟೇ. ಇಷ್ಟು ಆಗದಿದ್ದರೆ ಆ ದಿನದ ಲೆಕ್ಕ ಮುಗಿದ ಹಾಗಲ್ಲ. ಊರೊಳಗೆ ನಿಲ್ಲದೆ ಹೋಗುವವರು ಜಮೀನು ನೋಡಲು ಬರುವ ಕಪ್ಪು ಗಾಜಿನ ಕಾರಿನವರು ಮಾತ್ರ. ಅವರನ್ನು ಕಂಡರೆ ಊರಿಗೆ ಆಗುವುದಿಲ್ಲ.

ಅಂಥ ಊರಲ್ಲಿ, ಓಟು ಕೇಳಬೇಕಾದ ವಾರದಲ್ಲಿ, ನಾನು 'ಕೀಂ' ಎಂದು ಹಾರಿಕೊಂಡು ಹೋಗತೊಡಗಿದೆ. ಯಾರಾದರೂ ಕೈ ಎತ್ತಿದರೆ ನಾನೂ ಕೈ ಎತ್ತುತ್ತಿದ್ದೆ. ಆ ಒಂದು ಕೈ ಬಿಟ್ಟಾಗ ಗಾಡಿ ಓಲಾಡುವುದರಿಂದ ಮುಖ ಗಂಟಾಗುತ್ತಿತ್ತು. ಅವರಿಗೆ ಕಂಡದ್ದು ಆ ಗಂಟುಮುಖ. ನಡೆದುಕೊಂಡು ಹೋಗಿ ಮನೆಮನೆಗೆ ಕೇಳೋಣ ಎಂದರೆ ಹಗಲು ಹೆಂಗಸರು ಹೊಲದಲ್ಲಿ, ಕೂಲಿಯಲ್ಲಿ. ಅವರು ಸಿಗುವುದು ಡೈರಿಗೆ ಹೋಗುವ ಹೊತ್ತಿನಲ್ಲಿ, ರಸ್ತೆಯಲ್ಲಿ. ಆ ಹೊತ್ತಿನಲ್ಲಿ ನನ್ನ ಕಾಲು ನೆಲಕ್ಕೆ ಇಳಿಯುವ ಹಾಗಿಲ್ಲ.

ಒಂದು ಉಪಾಯ ಕಂಡುಕೊಂಡೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಹೊರಡುವಾಗ ಗಾಡಿ ತಾನೇ ಉರುಳಿ ವೇಗ ಹಿಡಿಯುತ್ತದೆ, ಎಂಜಿನ್ ಏಳುತ್ತದೆ. ಹಾಗಾಗಿ ಮೇಲಿನ ಬೀದಿಯ ಇಳಿಜಾರಿನ ಮನೆಗಳ ಮುಂದೆ ಮಾತ್ರ ನಿಲ್ಲಿಸಿದೆ. ನಗುನಗುತ್ತಾ ಮಾತಾಡಿದೆ. ಎರಡು ದಿನದೊಳಗೆ ಕೆಳಗಿನ ಬೀದಿಯವರು ಮಾತು ಎತ್ತಿದರು: "ಭಾಗ್ಯಮ್ಮಂಗೆ ಮೇಲಿನ ಬೀದಿಯೋರು ಮಾತ್ರ ಮನುಷ್ಯರು."

ಪಿಳ್ಳಣ್ಣನ ಅಂಗಡಿ ಊರ ನಡುವಿನ ಅರಳಿಕಟ್ಟೆಯ ಎದುರಿಗೇ ಇದೆ. ಅವನು ಚಹಾ ಎಷ್ಟು ಚೆನ್ನಾಗಿ ಮಾಡುತ್ತಾನೋ ಗೊತ್ತಿಲ್ಲ, ಮಾತು ಮಾತ್ರ ಚೆನ್ನಾಗಿ ಕಾಯಿಸುತ್ತಾನೆ.

"ನೋಡ್ರಪ್ಪಾ, ಭಾಗ್ಯಕ್ಕ ಎಲೆಕ್ಷನ್‌ಗೆ ನಿಂತವ್ಳೆ, ರಸ್ತೇಲಿ ಮಾತ್ರ ನಿಲ್ಲಲ್ಲ" ಅಂದನಂತೆ.

ಆ ಮಾತು ನನ್ನ ಮೊಪೆಡ್ಡಿಗಿಂತ ಬೇಗ ಊರು ಸುತ್ತಿತು. ನನ್ನ ಗಂಡ ವೇಣುಗೋಪಾಲ್ ಹೊಸಕೋಟೆಯ ಗೋಡೌನಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಅದು ಬಸ್ಸಿನಲ್ಲೇ ಸಿಕ್ಕಿತು.

"ಗೆಲ್ಲೋಕ್ ಮುಂಚೇನೇ ನಿಲ್ಲದವ್ಳು ಗೆದ್ಮೇಲೆ ನಿಲ್ತಾಳಾ ಅಂತಾವ್ರೆ ಕಣೇ" ಅಂದರು, ಮುದ್ದೆ ಮುರಿಯುತ್ತಾ.

"ನೀವೇನಂದ್ರಿ?"

"ನಾನೇನನ್ಲಿ? ನಂಗೂ ನಿನ್ನೆ ನಿಲ್ಲಿಸ್ಲಿಲ್ಲ ನೀನು. ಬಸ್ ಸ್ಟಾಪಿಂದ ನಡ್ಕೊಂಡ್ ಬಂದೆ."

ಅದು ನಿಜ. ಅವರು ಕೈ ಅಡ್ಡ ಹಿಡಿದಿದ್ದರು. ನಾನು "ಬನ್ನಿ, ಬನ್ನಿ" ಎಂದು ಕೂಗಿಕೊಂಡು ಮುಂದೆ ಹೋಗಿಬಿಟ್ಟಿದ್ದೆ.

ಅತ್ತ ಶಶಿರೇಖಾ ಕಾಲ್ನಡಿಗೆಯಲ್ಲಿ ಎಲ್ಲರನ್ನೂ ಮಾತಾಡಿಸಿಕೊಂಡು ಬರುತ್ತಿದ್ದಳು. ಮಕ್ಕಳ ಕೆನ್ನೆ ಹಿಂಡುತ್ತಿದ್ದಳು, ಬಾಣಂತಿಯರ ಪಥ್ಯ ವಿಚಾರಿಸುತ್ತಿದ್ದಳು. ಅವಳಿಗೆ ಪ್ರಚಾರ ಅನ್ನುವುದು ಉಸಿರಾಟದಷ್ಟು ಸುಲಭ. ಓಟು ಎಣಿಸಿ ನೋಡಿದರೆ ಮೇಲಿನ ಬೀದಿ ನನಗೆ, ಕೆಳಗಿನ ಬೀದಿ ಅವಳಿಗೆ. ಕಟ್ಟೆಯ ಸುತ್ತಲಿನ ಮನೆಗಳು ಯಾರ ಕಡೆಗೋ ಆ ಸ್ಥಾನ ಅವರದು. ಆ ಮನೆಗಳೆಲ್ಲ ಅಮ್ಮಯಮ್ಮನ ಮಾತು ಕೇಳುತ್ತವೆ. ಅಮ್ಮಯಮ್ಮ ಊರಿಗೆಲ್ಲ ದೊಡ್ಡಮ್ಮ. ಆಕೆಯ ಮನೆ ಇರುವುದು ಚೂರೂ ಇಳಿಜಾರಿಲ್ಲದ, ರೊಟ್ಟಿ ತಟ್ಟಬಹುದಾದಷ್ಟು ಸಮತಟ್ಟು ಜಾಗದಲ್ಲಿ.

ಶನಿವಾರ ಸಂಜೆ ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನಿನೊಂದಿಗೆ ಬರುತ್ತಿದ್ದೆ. ಅರಳಿಕಟ್ಟೆಯ ಹತ್ತಿರ, ರಸ್ತೆಯ ನಟ್ಟನಡುವೆ, ಅಮ್ಮಯಮ್ಮ ಎರಡೂ ಕೈ ಚಾಚಿ ನಿಂತಿದ್ದರು, ಬಸ್ಸಿಗೆ ಅಡ್ಡ ಹಾಕುವ ಹಾಗೆ. ಕಟ್ಟೆಯ ಮೇಲೆ ಏಳೆಂಟು ಹೆಂಗಸರು. ನಾನು ಬ್ರೇಕ್ ಹಿಡಿದೆ. ಗಾಡಿ ಅವರ ಸೀರೆಯ ನೆರಿಗೆ ಮುಟ್ಟುವಷ್ಟು ಹತ್ತಿರ ಬಂದು, ಕೆಮ್ಮಿ, ಆರಿಹೋಯಿತು.

"ಈಗ ನಿಂತ್ಯಾ?" ಅಂದರು ಅಮ್ಮಯಮ್ಮ.

"ನಿಂತೆ ದೊಡ್ಡಮ್ಮ."

"ವಾರದಿಂದ ನೋಡ್ತಾ ಇದೀನಿ. ನನ್ನ ಮುಂದೇನೇ ಹಾರ್ಕೊಂಡು ಹೋಗ್ತೀಯ. ನಾನೇನ್ ನಿನ್ನ ಓಟಿಗೆ ಬರ್ದಿರೋಳಾ, ನೆಂಟಸ್ತಿಕೆಗೆ ಬರ್ದಿರೋಳಾ?"

"ದೊಡ್ಡಮ್ಮ, ನಿಮ್ಮಾಣೆ, ಗಾಡೀಲಿ ಪಿಕಪ್ ಇಲ್ಲ. ನಿಂತ್ರೆ ಮತ್ತೆ ಹೊರಡಲ್ಲ."

"ಪಿಕಪ್ ಇಲ್ವಂತೆ!" ಕಟ್ಟೆಯ ಮೇಲಿಂದ ಒಬ್ಬಳು ನಕ್ಕಳು. "ಏರೋಪ್ಲೇನ್ ತರ ಹೋಗ್ತಾಳೆ, ಪಿಕಪ್ ಇಲ್ವಂತೆ."

"ಹೊರಡ್ಸು ನೋಡೋಣ" ಅಂದರು ಅಮ್ಮಯಮ್ಮ.

ಹೊರಡಿಸಿದೆ. ಬೋ ಅಂದಿತು. ಆರಿತು. ಮತ್ತೊಮ್ಮೆ ಬೋ. ಅಮ್ಮಯಮ್ಮ ನನ್ನ ಮುಖವನ್ನೂ ಗಾಡಿಯ ಮುಖವನ್ನೂ ನೋಡಿದರು. ನಾನು ಬೇಕೆಂದೇ ಆಟ ಕಟ್ಟುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಬಗ್ಗಿ ಎಂಜಿನ್ ಕಡೆಗೂ ಒಮ್ಮೆ ನೋಡಿದರು, ಹಸುವಿನ ಕೆಚ್ಚಲು ನೋಡುವ ಹಾಗೆ.

"ಬತ್ತಿಹೋಗೈತೆ" ಅಂದರು. "ಬನ್ರೇ, ಒಂದು ಕೈ ಹಾಕ್ರಿ. ಪಾಪ, ಹಸು ಕಾಯ್ತಿರುತ್ತೆ ಮನೇಲಿ."

ಕಟ್ಟೆಯ ಮೇಲಿದ್ದವರೆಲ್ಲ ಇಳಿದು ಬಂದರು. ನಾನು ಮುಂದೆ ನೋಡಿಕೊಂಡು ಹಿಡಿ ಗಟ್ಟಿ ಹಿಡಿದು ಕೂತೆ. ಹಿಂದೆ ಎಷ್ಟು ಕೈ ಇದ್ದವೋ ತಿಳಿಯದು. ಬಳೆಗಳ ಸದ್ದು, ಏದುಸಿರು, "ಏಯ್ ನನ್ ಕಾಲು!", "ನೀನೇನ್ ತಳ್ತಿದೀಯೋ ನೇತಾಡ್ತಿದೀಯೋ!", ಎಲ್ಲ ಕೇಳುತ್ತಿತ್ತು. ಚುನಾವಣೆಗೆ ನಿಂತವಳನ್ನು ಬೆನ್ನಿಗೆ ಕೈ ಕೊಟ್ಟು ಮೆರವಣಿಗೆ ಮಾಡಿದ ಹಾಗೇ ಇತ್ತು. ಪಿಳ್ಳಣ್ಣ ಅಂಗಡಿಯಿಂದ ಹೊರಗೆ ಬಂದು "ಜಯವಾಗಲಿ" ಎಂದು ಕೂಗಿದ.

ಅಷ್ಟರಲ್ಲಿ ಎಂಜಿನ್ ಎದ್ದಿತು.

'ಕೀಂ' ಎಂದು ಗಾಡಿ ಹಾರಿತು. ಹಿಂದೆ ತಳ್ಳುತ್ತಿದ್ದವರು ಒಬ್ಬರ ಮೇಲೊಬ್ಬರು ಮುಗ್ಗರಿಸಿದ್ದು ಸದ್ದಿನಿಂದಲೇ ಗೊತ್ತಾಯಿತು. ಹೊಗೆ ಬೇರೆ. ಹೀಗೇ ಮನೆಗೆ ಹೋಗಿಬಿಟ್ಟರೆ ಊರಲ್ಲಿ ಮತ್ತೆ ತಲೆ ಎತ್ತುವ ಹಾಗಿಲ್ಲ. ನಿಲ್ಲಿಸಿದರೆ ಅವರೇ ಮತ್ತೆ ತಳ್ಳಬೇಕು. ಬೇರೇನೂ ತೋಚದೆ ಕಟ್ಟೆಯನ್ನು ಸುತ್ತು ಹಾಕಿಕೊಂಡು ಬಂದೆ.

"ಉಪಕಾರ ಆಯ್ತು ದೊಡ್ಡಮ್ಮಾ!" ಎಂದು ಹಾಯುತ್ತಾ ಕೂಗಿದೆ.

"ನಿಲ್ಲೇ!"

"ನಿಂತ್ರೆ ಮತ್ತೆ ತಳ್ಬೇಕು!"

ಮುಂದಿನ ಸುತ್ತಿಗೆ ಅಮ್ಮಯಮ್ಮ ಸಿದ್ಧರಾಗಿ ನಿಂತಿದ್ದರು. "ಹಂಗಾದ್ರೆ ಹೋಗ್ತಾ ಹೋಗ್ತಾನೇ ಹೇಳು! ಯಾಕ್ ನಿಂತಿದೀಯ ಎಲೆಕ್ಷನ್‌ಗೆ?"

"ಸಂಜೆ ಡೈರಿ ಬಾಗ್ಲು..." ಅನ್ನುವಷ್ಟರಲ್ಲಿ ಕಟ್ಟೆಯ ಆಚೆ ಹೋಗಿಬಿಟ್ಟೆ.

ಈಚೆ ನಡೆದದ್ದನ್ನು ಆಮೇಲೆ ಅವರೇ ಹೇಳಿದರು.

"ಬಾಗ್ಲು ಏನಂತೆ?"

"ರಿಪೇರಿ ಮಾಡಿಸ್ತಾಳಂತೆ."

"ಚೆನ್ನಾಗೇ ಐತಲ್ಲ ಬಾಗ್ಲು."

ಮತ್ತೆ ಬಂದೆ. "...ಅರ್ಧ ಗಂಟೆ..."

"ಅರ್ಧ ಗಂಟೇಲಿ ರಿಪೇರಿ ಆಗುತ್ತಾ?"

"ಬಡಗಿ ಯಾರು ಅಂತ ಕೇಳೇ."

ಮುಂದಿನ ಸುತ್ತಿಗೆ ಮಾತು ಪೂರ್ತಿ ಮಾಡಿದೆ. "...ತಡವಾಗಿ ಮುಚ್ಚಿಸ್ತೀನಿ!"

ಕಟ್ಟೆಯ ಕಡೆಯಿಂದ ಸೀಟಿ. ಯಾರು ಹೊಡೆದರೋ, ಹೆಂಗಸರದೇ ಸೀಟಿ. ತರಕಾರಿ ಕೂಲಿಗೆ ಹೋಗಿ ಆಗ ತಾನೇ ಗಾಡಿಯಿಂದ ಇಳಿದಿದ್ದವರೂ ಬಂದು ಸೇರಿದ್ದರು. ನನ್ನ ಸುತ್ತು ಸುತ್ತಿಗೂ ಪ್ರಶ್ನೆ ಬಂತು. ಬೆಳಿಗ್ಗೇನೂ ತಡವಾ? ಇಲ್ಲ, ಸಂಜೆ ಮಾತ್ರ! ಹಾಲಿನ ಲಾರಿ ಕಾಯ್ತದಾ? ಅದು ಬರೋದೇ ಏಳಕ್ಕೆ! ಕೂಗಿ ಕೂಗಿ ನನ್ನ ಗಂಟಲು ಒಣಗಿತು. ಇಂಥ ಸಭೆಯನ್ನು ನಮ್ಮೂರು ಕಂಡಿರಲಿಲ್ಲ. ಭಾಷಣ ಮಾಡುವವಳು ಓಡುತ್ತಿದ್ದಳು, ಕೇಳುವವರು ನಿಂತಿದ್ದರು.

ಆಗಲೇ ಹೊಸಕೋಟೆ ಬಸ್ಸು ಬಂತು. ಕೀರ್ತನ ಇಳಿದಳು. ಕಟ್ಟೆಯನ್ನು ಸುತ್ತುತ್ತಿರುವ ನನ್ನನ್ನು ಕಂಡು, ಕಿವಿ ನಿಮಿರಿಸಿ ಸದ್ದು ಕೇಳಿ, ಮುಖ ಅರಳಿಸಿದಳು.

"ಅಮ್ಮಾ! ಸೂಪರ್ ಆಗಿ ತಿರುಗ್ತಿದೆ ಎಂಜಿನ್ನು!"

"ಹೌದಾ? ನಿಮ್ಮಮ್ಮಂಗೂ ಹಂಗೇ ತಿರುಗ್ತೈತೆ ತಲೆ" ಅಂದರು ಅಮ್ಮಯಮ್ಮ. "ನೀನೇನಾ ಕಣವ್ವ ಇದನ್ನ ಬತ್ತಿಸಿದ್ದು? ವಾರದಿಂದ ಈ ಹೆಂಗಸು ಊರವ್ರ ಕೈಲಿ ಬೈಸ್ಕೊತಾ ಅವ್ಳೆ, ನಿಲ್ಲಲ್ಲ ನಿಲ್ಲಲ್ಲ ಅಂತ. ನಿನ್ನ ಹೆಸರು ಎತ್ಲಿಲ್ಲ."

ಕೀರ್ತನಳ ಮುಖದ ಮೇಲಿನ ನಗು ಇಳಿದದ್ದನ್ನು ಆ ವೇಗದಲ್ಲೂ ನೋಡಿದೆ. ಅದೇ ಹೊತ್ತಿಗೆ ಪೆಟ್ರೋಲು ಮುಗಿಯಿತು. ಗಾಡಿ ನಿಧಾನವಾಗಿ, ತುಂಬ ಮರ್ಯಾದೆಯಿಂದ, ಅವರೆಲ್ಲರ ಮುಂದೆ ಬಂದು ನಿಂತಿತು. ನಾನು ಕಾಲು ನೆಲಕ್ಕೆ ಊರಿದೆ.

"ಏನು, ಡೈರಿಯಿಂದಾ?" ಅಂದರು ಅಮ್ಮಯಮ್ಮ.

"ಹೂಂ ದೊಡ್ಡಮ್ಮ, ಡೈರಿಯಿಂದ್ಲೇ."

ಮನೆಗೆ ಗಾಡಿ ತಳ್ಳಿಕೊಂಡು ಬಂದೆವು. ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಕೀರ್ತನ ಹಳೇ ಸೈಲೆನ್ಸರನ್ನು ಒರೆಸಿ, ಸ್ಪ್ಯಾನರ್ ಹಿಡಿದು ಕೂತಿದ್ದಳು.

"ಏನ್ ಮಾಡ್ತಿದೀಯ?"

"ಹಳೇದು ಹಾಕ್ತೀನಿ. ಕಾರ್ಬೊರೇಟರ್ರೂ ಬದಲಾಯಿಸ್ತೀನಿ. ಮೊದಲಿನಷ್ಟೇ ಆಗ್ದಿದ್ರೂ ನಿಂತಲ್ಲಿಂದ ಹೊರಡುತ್ತೆ. ನಾಳೆ ವಯಸ್ಸಾದವ್ರನ್ನ ಕೂರಿಸ್ಕೊಂಡು ಓಟಿಗೆ ಕರ್ಕೊಂಡ್ ಬರ್ಬೇಕಲ್ಲ ನೀನು."

"ಮತ್ತೆ ಸೋಮವಾರ?"

"ಬಿಡು."

ಸ್ಪ್ಯಾನರ್ ಕಿತ್ತುಕೊಂಡೆ. "ಇಡ್ಲಿ ತಟ್ಟೆ ಬಿಟ್ಟುಕೊಟ್ಟಿದ್ದು ಉಪ್ಪಿಟ್ಟು ತಿನ್ನೋಕಾ? ಸೋಮವಾರ ಆಗೋವರ್ಗೂ ಇದನ್ನ ಮುಟ್ಕೂಡ್ದು ನೀನು."

"ಅಮ್ಮ, ನೀನು ಸೋತ್ರೆ ನನ್ನಿಂದ್ಲೇ ಸೋತ ಹಂಗೆ."

"ಸೋತ್ರೆ ಮುಂದಿನ ಸಲ ಮತ್ತೆ ನಿಲ್ತೀನಿ. ನಿಲ್ಲೋದೇನು ಕಷ್ಟ, ಹೊರಡೋದು ತಾನೇ ಕಷ್ಟ?"

ಅವಳು ನಕ್ಕಳು, ಅಳುತ್ತಾ. ನಾನೂ ಕಣ್ಣು ಒರೆಸಿಕೊಂಡೆ. ಸೆರಗಿನಲ್ಲಿ ಟೂ ಸ್ಟ್ರೋಕ್ ಎಣ್ಣೆ ಇದ್ದದ್ದು ಮರೆತುಹೋಗಿತ್ತು. ಕಣ್ಣು ಇನ್ನೂ ಉರಿಯಿತು.

ಭಾನುವಾರ ನಡೆದುಕೊಂಡೇ ಹೋದೆ. ಶಶಿರೇಖಾಳ ಕಡೆಯವರು ಆಟೊ ಮಾಡಿ ಮುದುಕಿಯರನ್ನು ಕರೆತಂದರು. ನಾನು ಡೈರಿಯಿಂದ ದೂರದಲ್ಲಿ, ಬೇವಿನ ಮರದ ಕೆಳಗೆ, ಬಂದವರಿಗೆಲ್ಲ ಕೈ ಮುಗಿಯುತ್ತಾ ನಿಂತಿದ್ದೆ. ಒಂದೇ ಕಡೆ ಅಷ್ಟು ಹೊತ್ತು ನಾನು ನಿಂತದ್ದನ್ನು ನೋಡಲೆಂದೇ ಕೆಲವರು ಬಂದರು. ಪಿಳ್ಳಣ್ಣ ಎರಡು ಸಲ ಬಂದು ನೋಡಿ ಹೋದ.

ಎಣಿಕೆ ಮುಗಿದಾಗ ಬಿಸಿಲು ಇಳಿದಿತ್ತು. ನಾನು ಗೆದ್ದಿದ್ದೆ. ಒಂದೇ ಒಂದು ಓಟಿನಿಂದ.

ಅಮ್ಮಯಮ್ಮ ಬಂದು ನನ್ನ ಹೆಗಲು ತಟ್ಟಿದರು. "ನಿನ್ನ ಬಾಗ್ಲಿಗಲ್ಲ ನಾವು ಓಟು ಹಾಕಿದ್ದು, ತಿಳ್ಕೊ. ನಿನ್ನೆ ಅಷ್ಟು ಕಷ್ಟಪಟ್ಟು ನಿನ್ನ ತಳ್ಳಿದ್ವಿ, ಸೊಂಟ ಇನ್ನೂ ಹಿಡ್ಕೊಂಡೈತೆ. ಇವತ್ತು ಬೇರೆಯೋರ್ಗೆ ಒತ್ತಿದ್ರೆ ತಳ್ಳಿದ್ದು ದಂಡ ಆಗಲ್ವಾ? ತಳ್ಳಿದೋರೆಲ್ಲಾ ಅದನ್ನೇ ಮಾತಾಡ್ಕೊಂಡ್ವಿ, ನಿನ್ಗೇ ಹಾಕೋದು ಅಂತ."

ಜನ ಚದುರಿದ ಮೇಲೆ ಶಶಿರೇಖಾ ಬಂದಳು. ಸೋತವಳ ಮುಖ ಹೇಗಿರುತ್ತದೋ ಎಂದು ನನಗೆ ಹೆದರಿಕೆ. ಆದರೆ ಅವಳು ಎಂದಿನಂತೆ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಗೆ ಅಗಲವಾದ ಬಟ್ಟೆಪಟ್ಟಿ ಸುತ್ತಿತ್ತು.

"ಏನಾಯ್ತೇ ಕೈಗೆ?"

"ನಿನ್ನ ಹೊಸ ಸೈಲೆನ್ಸರ್ ಸುಡ್ತು ಕಣಕ್ಕ, ನಿನ್ನೆ."

ಆ ಕೈಯನ್ನು ತಿರುಗಿಸಿ ನೋಡಿದೆ. "ನೀನೂ ತಳ್ಳಿದ್ಯಾ?"

"ಕಟ್ಟೆ ಮೇಲೆ ಓಟು ಕೇಳೋಕೆ ಅಂತ ಕೂತಿದ್ದೆ. ಎಲ್ರೂ ಇಳಿದು ಹೋದ್ರು. ನಾನೊಬ್ಳೇ ಕೂತಿರ್ಲಾ? ನೀನು ಹಿಂದೆ ತಿರುಗಿ ನೋಡ್ಲಿಲ್ಲ. ಕೈ ಸುಟ್ಟ ಮೇಲೆ ನಾನೂ ಅಲ್ಲಿ ನಿಲ್ಲದೆ ಮನೆಗೆ ಓಡ್ದೆ."

"ಅಲ್ವೇ ಶಶಿ... ಹಂಗಾದ್ರೆ ಇವತ್ತು ನಿನ್ನ ಓಟು?"

ಶಶಿರೇಖಾ ಪಟ್ಟಿ ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅದು ಗುಟ್ಟಿನ ಓಟು ಕಣಕ್ಕ. ಹಂಗೆಲ್ಲಾ ಕೇಳ್ಬಾರ್ದು" ಅಂದು, ಎದುರಿಗೆ ಬರುತ್ತಿದ್ದ ಯಾರನ್ನೋ ಮಾತಾಡಿಸಲು ನಿಂತಳು.